ನೆಲಮಾಳಿಗೆಯ ಕೆಳಗೊಂದು ಮನೆ, ಅದಕ್ಕೊಬ್ಬರು ಹಣಮಂತಮ್ಮ

ಸುರಪುರದ ಹಳೇ ಪೇಟೆಯಲ್ಲಿ ಅಂಗಡಿಗಳ ಹಲಗೆ ಇನ್ನೂ ತೆಗೆದಿಲ್ಲ. ಶರೀಫಸಾಬರ ವಾಡೆಯ ನೆಲಮಾಳಿಗೆಯಲ್ಲಿ ಮಾತ್ರ ಆಗಲೇ ಒಬ್ಬರು ಕೆಲಸಕ್ಕೆ ಕೂತಿದ್ದಾರೆ. ಮೂಡಣ ಗೋಡೆಯ ಮೇಲ್ತುದಿಯಲ್ಲಿ ಗಾಳಿಗೆಂದು ಬಿಟ್ಟ ಒಂದು ಗವಾಕ್ಷಿ ಇದೆ. ಸೂರ್ಯ ಎದುರಿನ ಗುಡ್ಡ ದಾಟಿದ ಕೂಡಲೇ ಅದರಿಂದ ಬೆಳಕಿನ ಒಂದು ಪಟ್ಟಿ ಇಳಿದು, ಮಾಳಿಗೆಯ ನಡುವೆ ಅಗೆದ ಕುಣಿಯ ತಳದ ಮೇಲೆ ಓರೆಯಾಗಿ ಹಾಯುತ್ತದೆ. ಆ ಬೆಳಕಿನಲ್ಲಿ ನೆಲದ ಕೂದಲೆಳೆಯಷ್ಟು ಉಬ್ಬಿಗೂ ಒಂದು ನೆರಳು ಬರುತ್ತದೆ. ಬಿಸಿಲು ಏರಿತೆಂದರೆ ಮುಗಿಯಿತು, ನೆಲವೆಲ್ಲ ಒಂದೇ ಬಣ್ಣ. ಅದಕ್ಕೇ ಹಣಮಂತಮ್ಮ ಕೋಳಿ ಕೂಗುವ ಹೊತ್ತಿಗೆ ಮನೆ ಬಿಡುತ್ತಾರೆ.

ಕುಕ್ಕರುಗಾಲಲ್ಲಿ ಕೂತ ಅವರ ಮುಂದೆ ಒಂದು ಬೋಗುಣಿ ನೀರು, ಹಳೇ ಧೋತರದ ಅರಿವೆ ಚೂರುಗಳು, ಒಂದು ಕೋಳಿಪುಕ್ಕ. ಅರಿವೆಯನ್ನು ಅದ್ದಿ ಹಿಂಡುತ್ತಾರೆ, ಮತ್ತೆ ಹಿಂಡುತ್ತಾರೆ, ಕೆನ್ನೆಗೆ ಒತ್ತಿ ನೋಡುತ್ತಾರೆ. ಸರಿಯೆನಿಸಿದ ಮೇಲೆ ಅಂಗೈಯಗಲ ಜಾಗದ ಮೇಲೆ ಹಾಸಿ ಸುಮ್ಮನೆ ಕಾಯುತ್ತಾರೆ. ಅರಿವೆ ಎತ್ತಿದಾಗ ನೆಲಕ್ಕೆ ಅಂಟಿದ ಒಣ ಸೆಗಣಿಯ ಪೊರೆ ಮೆತ್ತಗಾಗಿರುತ್ತದೆ. ಹೆಬ್ಬೆರಳಿನ ಬುಡದಿಂದ ಅದನ್ನು ಹೊರಳಿಸಿ, ಪುಕ್ಕದ ತುದಿಯಿಂದ ಎತ್ತಿ ಬುಟ್ಟಿಗೆ ಹಾಕುತ್ತಾರೆ. ಅದರಡಿಯಲ್ಲಿ ಕಾಣುವುದು ಕೆಂಪು ಛಾಯೆಯ, ನುಣುಪಾದ, ಬಹಳ ಬಹಳ ಹಳೆಯ ಒಂದು ಮಣ್ಣಿನ ನೆಲ.

“ನೀರು ಹೆಚ್ಚಾತಂದ್ರ ಹಳೇ ನೆಲನೂ ಕರಗತದ್ರಿ ಬಾಯಾರ. ಕಮ್ಮಿ ಆತಂದ್ರ ಸೆಗಣಿ ಹಳಕಾಗಿ ಏಳತದ, ಏಳೋವಾಗ ಕೆಳಗಿಂದನ್ನೂ ಕರಕೊಂಡು ಏಳತದ” ಎಂದು ಈ ಕೆಲಸ ನೋಡಿ ಬರೆಯಲು ಬಂದ ನನಗೆ ಹೇಳುತ್ತಾರೆ, ಕಣ್ಣು ನೆಲದಿಂದ ಎತ್ತದೆ. “ಮಲಗಿದ ಕೂಸಿನ ಕಣ್ಣಾಗಿನ ಪಿಸರು ತಗದಂಗ ತಗೀಬೇಕು. ಕೂಸು ಏಳಬಾರದು.”

ಆ ಸೆಗಣಿಯನ್ನು ಅಲ್ಲಿ ಸಾರಿಸಿದವರೂ ಹಣಮಂತಮ್ಮನೇ. ಹಳೇ ನೆಲಕ್ಕೆ ಪೆಟ್ಟಾಗದಂತೆ ಅದನ್ನು ಪೂರ್ತಿ ತೆಗೆದರೆ ಕುಣಿಯೊಳಗಿನ ಕೆಲಸ ಅವರಿಗೆ ಉಳಿಯುತ್ತದೆ. ಇಲ್ಲವಾದರೆ ಮೇಲೆ ಹೋಗಿ ಮಣ್ಣಿನ ಬುಟ್ಟಿ ಹೊರಬೇಕು. ಬುಟ್ಟಿಗೆ ಅವರ ಕುತ್ತಿಗೆ ಈಗ ಒಪ್ಪುವುದಿಲ್ಲ. ಅಷ್ಟೇ ಆಗಿದ್ದರೆ ಬೇರೆ ಕೂಲಿ ಹುಡುಕಿಕೊಳ್ಳುತ್ತಿದ್ದರೇನೋ. ಈ ನೆಲವನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ.

ಹೋದ ವರ್ಷ ಈ ಮಾಳಿಗೆಯಲ್ಲಿ ಶರೀಫಸಾಬರು ಶೇಂಗಾ ಎಣ್ಣೆಯ ಡಬ್ಬಿಗಳನ್ನು ಒಟ್ಟಿದ್ದರು. ಭಾರಕ್ಕೆ ಒಂದು ಹಾಸುಗಲ್ಲು ಕುಸಿಯಿತು. ಕಲ್ಲೆತ್ತಿ ನೋಡಿದರೆ ಕೆಳಗೆ ಪೊಳ್ಳು, ಪೊಳ್ಳಿನಲ್ಲಿ ಮಡಿಕೆ ಚೂರುಗಳು. ಸುದ್ದಿ ತಹಸೀಲ ಕಚೇರಿಗೆ, ಅಲ್ಲಿಂದ ಹೈದರಾಬಾದಿಗೆ ಹೋಯಿತು. ಹಳೆಯ ನೆಲೆಗಳನ್ನು ಅಗೆದು ನೋಡುವ ಸರ್ಕಾರಿ ಕೆಲಸದ ವಹಾಬ ಸಾಹೇಬರು ಯಾದಗಿರಿಯವರೆಗೆ ರೈಲಿನಲ್ಲಿ, ಅಲ್ಲಿಂದ ಮುಂದೆ ಸಾಮಾನಿನ ಗಾಡಿಯ ಜೊತೆಗೇ ಕೂತು ಬಂದರು. ಎಣ್ಣೆ ಡಬ್ಬಿಗಳು ಅಂಗಳಕ್ಕೆ ಬಂದವು.

“ಊರಾಗ ಇದಕ್ಕಿಂತ ಹಳೇ ವಾಡೆ ಇಲ್ಲಂತ ಮೀಸಿ ತಿರುವತಿದ್ದೆ” ಎಂದು ಶರೀಫಸಾಬರು ತಮ್ಮನ್ನು ನೋಡಿ ತಾವೇ ನಗುತ್ತಾರೆ. “ಈಗ ನೋಡಿದ್ರ ನಾನ ಬಾಡಿಗಿ ಇದ್ದಂಗ ಆಗ್ಯದ. ಆ ಕೆಳಗಿನ ಮನಿಯಾಕಿ ಬಂದು ಖಾಲಿ ಮಾಡು ಅಂದ್ರ ಏನ್ ಜವಾಬು ಕೊಡ್ಲಿ?”

ಏಣಿಯಲ್ಲಿ ಇಳಿಯುವಾಗ ಕುಣಿಯ ಗೋಡೆ ಮುಖದ ಮುಂದೆಯೇ ಹಾಯುತ್ತದೆ. ಮೊದಲು ಶರೀಫಸಾಬರ ಮುತ್ತ್ಯಾ ಹಾಸಿಸಿದ ಕಲ್ಲು. ಅದರ ಕೆಳಗೆ ಗಾರೆಯ ಪುಡಿ, ಬಳೆಚೂರು, ಮುರಿದ ಮಣ್ಣಿನ ಚಿಲುಮೆ. ಇನ್ನೂ ಕೆಳಗೆ ಇದ್ದಿಲಿನ ಒಂದು ಕಪ್ಪು ಗೆರೆ. ಎಂದೋ ಒಮ್ಮೆ ಇಲ್ಲಿ ಬೆಂಕಿ ಬಿದ್ದಿತ್ತು. ಆವತ್ತು ಅತ್ತವರು ಯಾರೆಂದು ಹೇಳಲು ಯಾರೂ ಉಳಿದಿಲ್ಲ. ಆ ಗೆರೆಗೂ ಕೆಳಗೆ, ಒಳಗೆ ಕಪ್ಪು ಹೊರಗೆ ಕೆಂಪಾದ ಮಡಿಕೆಯ ಚೂರುಗಳು. ಎಲ್ಲಕ್ಕೂ ಕೆಳಗೆ, ಏಣಿಯ ಕಾಲಿನ ಬಳಿ, ಆ ಮಣ್ಣಿನ ನೆಲ. ಮೇಲೆ ಜೋರಾಗಿ ಜಗಳವಾಡುತ್ತ ಬಂದವರೂ ಇಳಿದಿಳಿದು ಕೆಳಗೆ ಮುಟ್ಟುವಷ್ಟರಲ್ಲಿ ಪಿಸುಮಾತಿಗೆ ಬಂದಿರುತ್ತಾರೆ. ಯಾರೂ ಹೇಳದಿದ್ದರೂ ಚಪ್ಪಲಿ ಮೇಲೆಯೇ ಉಳಿಯುತ್ತದೆ.

ಎಷ್ಟು ಹಳೆಯದು ಎಂದು ಕೇಳಿದರೆ ವಹಾಬ ಸಾಹೇಬರು ಗಡ್ಡ ಸವರಿಕೊಳ್ಳುತ್ತಾರೆ. ರಾಯಚೂರ ಕಡೆಯ ಕೆಲಸಗಾರರ ಜೊತೆ ಇದ್ದೂ ಇದ್ದು ಕಲಿತ ಕನ್ನಡ ಅವರದು. “ಎರಡು ಸಾವಿರ ವರ್ಷಕ್ಕ ಕಮ್ಮಿ ಇಲ್ಲ. ಹೆಚ್ಚು ಎಷ್ಟು, ಅಲ್ಲಾಗೆ ಗೊತ್ತು.”

ಹಣಮಂತಮ್ಮ ಹುಟ್ಟಿದ್ದು, ಬಾಳಿದ್ದು ಕೃಷ್ಣೆಯ ದಂಡೆಯ ಹಳ್ಳಿಯಲ್ಲಿ. ಗಂಡ ಭಾಗಣ್ಣ ಹರಿಗೋಲು ಹಾಕಿ ಮೀನು ಹಿಡಿಯುವವರು. ಹೊಳೆ ಏರಿದ ವರ್ಷ ಮನೆಯೊಳಗೆ ಮೊಣಕಾಲುದ್ದ ರೇವೆ ಮಣ್ಣು ಕೂರುತ್ತದೆ. ನೀರು ಇಳಿದ ಮೇಲೆ ಗಂಡಸರು ಗೋಡೆ ನೋಡಿಕೊಂಡರೆ, ಹೆಂಗಸರು ರೇವೆಯನ್ನು ಬಗೆದು ತಮ್ಮ ತಮ್ಮ ನೆಲ ಹುಡುಕಿಕೊಳ್ಳುತ್ತಾರೆ. ನೆಲ ಸಿಕ್ಕು, ಅದರ ಮೇಲೆ ಹೊಸ ಸಾರಣೆ ಆಗುವವರೆಗೆ ಆ ಊರಲ್ಲಿ ಒಲೆ ಹೊತ್ತಿಸುವುದಿಲ್ಲ. ಮಕ್ಕಳಿಗೆ ಅಲ್ಲಿಯವರೆಗೆ ಗುಡಿಯ ಕಟ್ಟೆಯ ಮೇಲೆ ಚುರುಮುರಿಯೇ ಊಟ.

“ನಮ್ಮತ್ತಿ ಹೇಳತಿದ್ಲು, ನೆಲಾನ್ನ ಬರಿಮೈಲೆ ಬಿಟ್ಟು ಉಣ್ಣಬಾರದು ಅಂತ” ಎನ್ನುತ್ತಾರೆ. “ನಾವು ಒಂದು ಅರಿವಿ ಉಟಗೊಂಡು ಅದನ್ನ ಬರಿಮೈಲೆ ಬಿಟ್ರ ಹೆಂಗ್ರಿ?”

ಹೊಳೆಯಲ್ಲಿ ಮೀನು ಬತ್ತಿದ ಬೇಸಿಗೆಗಳಲ್ಲಿ ಅವರು ಸುರಪುರಕ್ಕೆ ಕೂಲಿಗೆ ಬರುತ್ತಿದ್ದರು; ಈಗ ಇಲ್ಲೇ ಮನೆ ಮಾಡಿಕೊಂಡಿದ್ದಾರೆ. ರಸ್ತೆಯ ಜಲ್ಲಿ, ಬಾವಿಯ ಹೂಳು, ಕಟ್ಟಡದ ಕಲ್ಲು, ಏನೆಲ್ಲ ಆ ತಲೆಯ ಮೇಲೆ ಕೂತು ಹೋಗಿವೆ. ಈಗ ಯಾರಾದರೂ ಹಿಂದಿನಿಂದ ಕರೆದರೆ ಕುತ್ತಿಗೆ ತಿರುಗುವುದಿಲ್ಲ, ಮೈಯನ್ನೇ ಪೂರಾ ತಿರುಗಿಸಬೇಕು. ಶರೀಫಸಾಬರ ವಾಡೆಯಲ್ಲಿಯೂ ಮೊದಲು ಹೊತ್ತದ್ದು ಬುಟ್ಟಿಯೇ. ಕೆಳಗೆ ನೆಲ ಕಂಡು ಗುದ್ದಲಿ ನಿಂತ ದಿನ, ಅಗೆಯುವವರ ಮೇಸ್ತ್ರಿ ತಿಮ್ಮಣ್ಣ ಇವರನ್ನು ಮಣ್ಣು ಬಳಿಯಲು ಇಳಿಸಿದ.

“ಬುಟ್ಟಿ ಎತ್ತಿದ್ರ ಮಾರಿ ಕಿವಚತಿದ್ಲು. ಕೆಳಗರ ಕುಂಡ್ರಲಿ ಅಂತ ಕಳಿಸಿದ್ದೆ” ಎನ್ನುತ್ತಾನೆ ತಿಮ್ಮಣ್ಣ. “ಕೆಳಗ ಇಳದಾಕಿ ಮ್ಯಾಲ ಬರೋದ ಮರತ್ಳು.”

ಹಾಗೆ ಮರೆಸುವಂಥದ್ದೇ ಅಲ್ಲಿತ್ತು. ಮಣ್ಣು ಬಳಿಯುತ್ತ ಬಳಿಯುತ್ತ ಗೋಡೆಯ ಬುಡ ಸಿಕ್ಕಿತು. ಗೋಡೆಯ ಮಗ್ಗುಲಲ್ಲಿ ಮೂರು ಗುಂಡಿನ ಒಲೆ. ಒಲೆಯಲ್ಲಿ ಬೂದಿ. ಬೂದಿಗೆ ಒರಗಿ ಬಾಯಿ ಒಡೆದ ಒಂದು ಗಡಿಗೆ, ತಳ ಇನ್ನೂ ಮಸಿ.

ಹಣಮಂತಮ್ಮ ಹೇಳುವಂತೆ: “ಈಗರ ಅಡಗಿ ಮಾಡಿ ನೀರಿಗೆ ಹೋಗ್ಯಾಳೇನೋ, ಬಂದು ನಮ್ಮನ್ನ ನೋಡಿದ್ರ ಏನಂದಾಳು ಅನಸ್ತು. ಹೇಳದ ಕೇಳದ ಯಾರದೋ ಅಡಗಿಮನಿ ಹೊಕ್ಕೀವಿ. ನಾ ಮೊದಲು ತಲಿ ಮ್ಯಾಲ ಸೆರಗು ಹೊತ್ತೆ.”

ಆಮೇಲೆ ಬಂತು ಯುಗಾದಿ ಅಮಾವಾಸ್ಯೆ. ಹಬ್ಬಕ್ಕೆ ಕೆಲಸ ನಿಂತಿತ್ತು. ವಹಾಬ ಸಾಹೇಬರು ರೈಲಿನಲ್ಲಿ ಬಂದ ಫೋಟೋದ ಗಾಜಿನ ತಟ್ಟೆಗಳನ್ನು ಬಿಡಿಸಿಕೊಂಡು ಬರಲು ಯಾದಗಿರಿ ಸ್ಟೇಷನ್ನಿಗೆ ಹೋಗಿದ್ದರು. ಊರ ತುಂಬ ಸುಣ್ಣ, ಕೆಮ್ಮಣ್ಣು, ಸಾರಣೆ. ಹಣಮಂತಮ್ಮನೂ ತಮ್ಮ ಮನೆ ಸಾರಿಸಿ, ಸ್ನಾನ ಮಾಡಿ, ರೊಟ್ಟಿ ಬಡಿದು ತಾಟಿಗೆ ಹಾಕಿಕೊಂಡರು.

“ತುತ್ತು ಇಳೀಲಿಲ್ರಿ” ಎನ್ನುತ್ತಾರೆ. “ಊರಾಗಿನ ಮನಿ ಎಲ್ಲಾ ಥಳಾಥಳ ಅದಾವ. ಅದೊಂದು ಮನಿ ವರ್ಷದ ಅಮಾಸಿ ದಿನ ಹಂಗ ಬಿದ್ದದ. ಮನಿಯಾಕಿ ಇದ್ರ ಮಾಡತಿದ್ಲು. ಆಕಿ ಇಲ್ಲ. ನಾವ ತಗದೀವಿ ಆ ಮನಿ, ನಾವ ಮಾಡಬೇಕಲ್ರೀ.”

ಶರೀಫಸಾಬರ ಆಕಳ ಸೆಗಣಿಯನ್ನೇ ಕೇಳಿ ತೆಗೆದುಕೊಂಡು, ಒಬ್ಬರೇ ಏಣಿ ಇಳಿದು, ಆ ನೆಲವನ್ನು ಮೂಲೆ ಬಿಡದೆ ಸಾರಿಸಿದರು. ಒಲೆಯ ಮುಂದೆ ಎರಡೆಳೆ ರಂಗೋಲಿ ಹಾಕಿ, ಮನೆಗೆ ಬಂದು ತಣ್ಣಗಾದ ರೊಟ್ಟಿಯನ್ನು ತೃಪ್ತಿಯಿಂದ ತಿಂದರು.

ಹಬ್ಬ ಕಳೆದ ಮರುದಿನ ಮಧ್ಯಾಹ್ನ ಸಾಹೇಬರು ಬಂದು ಏಣಿಯ ಅರ್ಧಕ್ಕೇ ನಿಂತುಬಿಟ್ಟರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬಯ್ದವನು ತಿಮ್ಮಣ್ಣ.

“ಏನ್ ಮಾಡಿಟ್ಟೀಬೇ ಹಣಮವ್ವಾ! ಇದೇನ್ ನಿಮ್ಮತ್ತಿ ಮನಿ ಅಂತ ತಿಳದೀಯೇನು?”

“ನಮ್ಮತ್ತಿದಲ್ರೀ ಮೇಸ್ತ್ರಿ. ಆದ್ರ ಯಾವಾಕಿದೋ ಅತ್ತಿ ಮನಿ ಹೌದಲ್ರೀ” ಎಂದುಬಿಟ್ಟರು ಹಣಮಂತಮ್ಮ. ಮೇಲೆ ಬುಟ್ಟಿ ಹೊರುವ ದಾವಲಬೀ ಕಿಸಕ್ಕನೆ ನಕ್ಕಳು. ಸಾಹೇಬರ ಮುಖ ನೋಡಿ ನಗೆ ನುಂಗಿಕೊಂಡಳು. ಹಣಮಂತಮ್ಮನಿಗೂ ಆಗಲೇ ಗೊತ್ತಾದದ್ದು, ಏನೋ ಕೆಟ್ಟಿದೆ ಎಂದು.

ಕೆಟ್ಟದ್ದು ಏನೆಂದು ಸಾಹೇಬರು ಬಿಡಿಸಿ ಹೇಳಿದರು. ಹಳೇ ನೆಲದ ಮೈಮೇಲಿನ ಗುರುತುಗಳೇ ಆ ಮನೆಯವರು ಬಿಟ್ಟುಹೋದ ಮಾತು. ಅದನ್ನು ಕಾಣುವಂತೆ ಫೋಟೋ ತೆಗೆದು, ನಕ್ಷೆ ಬರೆದು, ಮುಂಗಾರಿನ ಮಿರಗದ ಮಳೆಯ ನೀರು ಮಾಳಿಗೆಗೆ ಜಿನುಗುವ ಮುಂಚೆ ಕುಣಿಗೆ ಮರಳು ತುಂಬಿ ಮುಚ್ಚಬೇಕು. ಮಾತಿನ ಮೇಲೆ ಈಗ ಸೆಗಣಿ ಕೂತಿದೆ. “ಬಯ್ಯಬ್ಯಾಡ ತಿಮ್ಮಣ್ಣ” ಎಂದರು. “ಅಮ್ಮಾ, ಏನ್ ಬೆರಸಿದ್ರಿ ಇದಕ್ಕ?”

“ಬರೇ ಸೆಗಣಿ, ನೀರು. ಚೂರು ಬೂದಿ.”

“ನೀವ ಹಾಕೀರಿ, ನೀವ ತಗೀರಿ. ಹಳೇ ನೆಲಕ್ಕ ಗಾಯ ಆಗಬಾರದು. ಪೂರಾ ಬಂತಂದ್ರ ನೀವು ಇಲ್ಲೇ ಇರ್ತೀರಿ. ಇಲ್ಲಾಂದ್ರ ನಿಮ್ಮನ್ನ ಕೆಳಗ ಬಿಡಾಕ ನನಗ ಆಗೂದಿಲ್ಲ.”

ಹಣಮಂತಮ್ಮ ಆ ದಿನ ಮನೆಗೆ ಹೋಗಿ ಅತ್ತರಂತೆ. “ಕೆಲಸ ಹೋಗತದಂತ ಅಲ್ರಿ. ಸೇವಾ ಮಾಡಾಕ ಹೋಗಿ ಹೊಡದು ಬಂದಂಗ ಆತಲ್ಲ ಅಂತ. ಮರದಿನ ಉಗುರು ತಗಸಿದೆ.” ಹತ್ತೂ ಬೆರಳಿನ ಉಗುರುಗಳನ್ನು ಮಾಂಸದವರೆಗೆ ಕತ್ತರಿಸಿದ್ದಾರೆ. ಬಳೆಗಳನ್ನು ಮೊಣಕೈವರೆಗೆ ಏರಿಸಿ ಅರಿವೆ ಸುತ್ತಿಕೊಳ್ಳುತ್ತಾರೆ, ಎಲ್ಲಿ ನೆಲಕ್ಕೆ ತಾಗೀತೋ ಎಂದು.

ಒಂದು ಮುಂಜಾನೆಗೆ ಊಟದ ತಾಟಿನಷ್ಟು ನೆಲ ಬಿಡುಗಡೆಯಾಗುತ್ತದೆ. ಬೆಳಕು ಚೆನ್ನಾಗಿದ್ದ ದಿನ ಎರಡು ತಾಟು. ಮೋಡ ಕವಿದರೆ ಅದೂ ಇಲ್ಲ. ಹೊರದೇಶದ ಲಡಾಯಿಯ ದೆಸೆಯಿಂದ ಘಾಸಲೇಟ್ ಎಣ್ಣೆ ಸಿಗುವುದೇ ಕಷ್ಟವಾಗಿ, ಇರುವ ಒಂದು ಗ್ಯಾಸಬತ್ತಿ ಸಾಹೇಬರು ನಕ್ಷೆ ಬರೆಯುವ ಹೊತ್ತಿಗೆ ಮಾತ್ರ. ಬಿಸಿಲು ಏರಿದ ಮೇಲೆ ಹಣಮಂತಮ್ಮ ಮೇಲೆ ಬಂದು, ಕಟ್ಟೆಯ ಮೇಲೆ ಒಣ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುತ್ತಾರೆ. ಬೆರಳುಗಳು ಸೊಟ್ಟಗೆ ಹಿಡಿದುಕೊಂಡಿರುತ್ತವೆ. ದಾವಲಬೀಯೇ ಕೆಲವು ದಿನ ರೊಟ್ಟಿ ಮುರಿದು ಕೊಡುತ್ತಾಳೆ.

“ನಮ್ಮ ಮನಿ ನೆಲಾ ಒಂದಿನ ಹಿಂಗ ಒರಸಿಕೊಡಕ್ಕಾ” ಎಂದು ಕಾಡುತ್ತಾಳೆ.

“ನಿಮ್ಮನಿ ನೆಲಾ ಒರಸಬೇಕಂದ್ರ ಮೊದಲು ಅಗೀಬೇಕಬೇ, ಅಷ್ಟು ಕಸ ಅದ” ಎಂದು ಇವರು.

ಒಲೆಯ ಹಿಂದಿನ ಮೂಲೆಗೆ ಬಂದ ಮುಂಜಾನೆ ಹಣಮಂತಮ್ಮ ಕೂಗಿ ದಾವಲಬೀಯನ್ನು ಕೆಳಗೆ ಕರೆದರು. ಅವರು ಹಾಗೆ ಕೂಗಿದ್ದು ಅದೇ ಮೊದಲು. ನೆಲ ಸಾರಿಸಿದ ಕೈ ಹಿಂದೆ ಬಿಟ್ಟುಹೋಗುವ ಗುರುತು ಎಲ್ಲರ ಮನೆಯಲ್ಲೂ ಇದೆ: ಮೀನಿನ ಪರೆಯ ಹಾಗೆ ಒಂದರ ಮೇಲೊಂದು ಕೂತ ಅರ್ಧಚಂದ್ರಗಳು. ಅವೇ ಅರ್ಧಚಂದ್ರಗಳು ಆ ಹಳೇ ನೆಲದಲ್ಲಿದ್ದವು. ನಾಲ್ಕು ಬೆರಳಿನ ಗೆರೆಗಳು ಬಿಡಿಬಿಡಿಯಾಗಿ. ಓರೆ ಬೆಳಕಿನಲ್ಲಿ ಪ್ರತಿ ಗೆರೆಗೂ ನೆರಳಿತ್ತು. ಕೈ ಈಗಷ್ಟೇ ಎತ್ತಿಕೊಂಡು ಹೋದ ಹಾಗಿತ್ತು.

ರಾಜರ ಹೆಸರು ಕಲ್ಲಿನ ಮೇಲೆ ಉಳಿಯುವುದನ್ನು ಕಂಡಿದ್ದೇವೆ. ಹಸಿ ಮಣ್ಣಿನ ಮೇಲೆ ಒಂದು ಮಧ್ಯಾಹ್ನದ ಮನೆಗೆಲಸ, ಮುಂದಿನ ಹಬ್ಬಕ್ಕೆ ಅಳಿಸಿಹೋಗಬೇಕಾದದ್ದು, ಉಳಿದು ಕೂತಿದೆ.

ಒಂದು ವ್ಯತ್ಯಾಸವಿತ್ತು. ಹಣಮಂತಮ್ಮನ ಅರ್ಧಚಂದ್ರಗಳು ಒಂದು ಕಡೆಗೆ ಬಾಗಿದ್ದರೆ, ಕೆಳಗಿನವು ಅದರ ಎದುರು ದಿಕ್ಕಿಗೆ ಬಾಗಿದ್ದವು.

“ಎಡಗೈಲೆ ಸಾರಸ್ಯಾಳ” ಎಂದರು ಹಣಮಂತಮ್ಮ.

“ಎಡಚಿ ಇದ್ದಾಳ ಬಿಡಕ್ಕಾ. ನಮ್ಮ ಓಣಿ ಖಾಜಾಹುಸೇನ ಎಡಗೈಲೆ ಚಹಾ ಸೋಸ್ತಾನ, ಕುಡಿಯಂಗಿಲ್ಲೇನು ಜನಾ?”

“ಅಲ್ಲಬೇ. ಬಲಗೈಯಾಗ ಕೂಸು ಇತ್ತು. ಅಳೋ ಕೂಸು. ಕೆಳಗ ಇಟ್ರ ಹಸಿ ನೆಲದಾಗ ಹರದಾಡತದ. ಅಲ್ಲಿ ನೋಡು, ಗೆರಿ ನಡುವ ನಿಂತದ. ಕೂಸು ಜಾರ್ಯದ, ಎತ್ತಿ ಸರಿ ಮಾಡ್ಕೊಂಡು ಮತ್ತ ಚಾಲೂ ಮಾಡ್ಯಾಳ.”

“ಅಬಾಬಾ! ಆಗಿನ ಕಾಲದ ಕೂಸು ಜಾರಿದ್ದು ಕಾಣ್ತು ನಿಂಗ. ಮೊನ್ನಿ ನಾ ಏಣಿಯಿಂದ ಜಾರಿ ಬಿದ್ದೆ, ತಿರುಗೂ ನೋಡಲಿಲ್ಲ.”

“ಕುತ್ತಿಗಿ ತಿರುಗಂಗಿಲ್ಲಲ್ಲಬೇ ನಂದು!”

ಇಬ್ಬರೂ ಬಾಯಿಗೆ ಸೆರಗು ಒತ್ತಿ ನಕ್ಕರಂತೆ. ವಹಾಬ ಸಾಹೇಬರು ಅಳತೆ ತೆಗೆದುಕೊಂಡು, ಎಡಚಿಯೂ ಇರಬಹುದು, ಕೂಸೂ ಇರಬಹುದು, ನೆಲ ಅಷ್ಟು ಹೇಳುವುದಿಲ್ಲ ಎಂದಿದ್ದಾರೆ. ಕೂಸನ್ನೆತ್ತಿಕೊಂಡೇ ಮನೆಗೆಲಸ ಮುಗಿಸುವವರಿಗೆ ಮಾತ್ರ ಹಣಮಂತಮ್ಮನ ಮಾತೇ ಬೇಗ ಒಪ್ಪಿಗೆಯಾಗುತ್ತದೆ.

ಈಗ ಉಳಿದಿರುವುದು ಅದೇ ಮೂಲೆಯ ಅಂಗೈಯಗಲ ಜಾಗ. ಹಳೇ ಅರ್ಧಚಂದ್ರಗಳ ಸಾಲು ಓಡಿ ಬಂದು ಹಣಮಂತಮ್ಮನ ಸೆಗಣಿಯ ಅಡಿಗೆ ನುಸುಳುತ್ತದೆ. ಇವತ್ತಿನ ಬೆಳಕಿಗೆ ಅದೂ ಮುಗಿದರೆ ಫೋಟೋ. ತಿಮ್ಮಣ್ಣ ಏಣಿಯ ಬಳಿ ನಿಂತಿದ್ದಾನೆ. ದಾವಲಬೀ ಬುಟ್ಟಿ ಬಿಟ್ಟು ಮೇಲಿನಿಂದ ಇಣುಕುತ್ತಿದ್ದಾಳೆ.

ಹಣಮಂತಮ್ಮ ಅರಿವೆ ಹಿಂಡಿ, ಕೆನ್ನೆಗೆ ಒತ್ತಿ, ಹಾಸಿ ಕಾಯುತ್ತಾರೆ. ಎತ್ತುತ್ತಾರೆ. ಪುಕ್ಕದ ತುದಿ ಪೊರೆಯ ಅಂಚಿಗೆ ಹೋಗುತ್ತದೆ. ಅಂಚು ಏಳುತ್ತದೆ, ಅಕ್ಕಿಕಾಳಿನಷ್ಟು. ಅದರ ಕೆಳಮೈಗೆ ಕೆಂಪು ಅಂಟಿ ಬಂದಿದೆ. ಪುಕ್ಕ ಅಲ್ಲೇ ನಿಲ್ಲುತ್ತದೆ. ಎದ್ದ ಅಂಚನ್ನು ಒದ್ದೆ ಬೆರಳಿನಿಂದ ಇದ್ದಲ್ಲೇ ಕೂರಿಸಿ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

“ಇದು ಬರಂಗಿಲ್ರಿ ಮೇಸ್ತ್ರಿ.”

“ಇನ್ನೊಂಚೂರು ನೀರು ಹಾಕು.”

“ಹಾಕಿದ್ರ ಕೆಳಗಿಂದು ಕರಗತದ.”

ತಿಮ್ಮಣ್ಣ ಹತ್ತಿರ ಬಂದು ಕೂರುತ್ತಾನೆ. ಅವನ ದನಿ ಇಳಿದಿದೆ. “ನೋಡಬೇ, ಇಷ್ಟ ಉಳದದ. ಪೂರಾ ತೆಗಿ ಅಂದಾರ ಸಾಹೇಬ್ರು. ಕಿತ್ತು ಬುಟ್ಟಿಗೆ ಹಾಕು, ನಾ ಏನೂ ನೋಡಿಲ್ಲ. ಇಲ್ಲಾಂದ್ರ ನಾಳಿಂದ ಮ್ಯಾಲ ಹೋಗಬೇಕಾಗ್ತದ. ನಿನ್ನ ಕುತ್ತಿಗಿ ನೋಡಿ ಹೇಳಾಕತ್ತೀನಿ.”

ಹಣಮಂತಮ್ಮ ಪುಕ್ಕವನ್ನು ಬೋಗುಣಿಯ ಪಕ್ಕ ಇಡುತ್ತಾರೆ. ಬೆಳಕಿನ ಪಟ್ಟಿ ಗೋಡೆಯ ಕಡೆ ಸರಿಯಲು ಶುರುವಾಗಿದೆ.

“ಕಿತ್ರ ಆಕಿ ಕೈ ಹರೀತದ್ರೀ” ಎನ್ನುತ್ತಾರೆ. “ಸಾಹೇಬ್ರನ್ನ ಕರೀರಿ. ನಾ ಮ್ಯಾಲ ಹೋಗತೀನಿ.”

ವಹಾಬ ಸಾಹೇಬರು ಇಳಿದು ಬರುತ್ತಾರೆ. ಮೊಣಕಾಲೂರಿ, ಭೂತಗನ್ನಡಿ ಹಿಡಿದು, ಅಂಚನ್ನು ನೋಡುತ್ತಾರೆ. ನೆಲದ ಉಳಿದ ಭಾಗವನ್ನೆಲ್ಲ ತಾಟು ತಾಟಾಗಿ ನೋಡುತ್ತಾರೆ. ಒಂದು ಕಡೆಯೂ ಗಾಯವಿಲ್ಲ. ಮತ್ತೆ ಮೂಲೆಗೆ ಬರುತ್ತಾರೆ. ಹಣಮಂತಮ್ಮ ಆಗಲೇ ಬೋಗುಣಿಯ ನೀರು ಚೆಲ್ಲಿ, ಅರಿವೆ ಚೂರುಗಳನ್ನು ಮಡಿಸಿಟ್ಟು, ಏಣಿಗೆ ಕೈ ಹಚ್ಚಿದ್ದಾರೆ.

“ಎಲ್ಲಿಗೆ ಹೊಂಟ್ರಿ ಅಮ್ಮಾ?”

“ಪೂರಾ ಬರಲಿಲ್ಲಲ್ರೀ ಸಾಹೇಬ್ರ.”

“ಅದು ಅಲ್ಲೇ ಇರಲಿ. ನಿಮ್ಮದೂ ಅವರದೂ ಎರಡೂ ಫೋಟೋದಾಗ ಬರಲಿ. ನೆಲಕ್ಕ ಗಾಯ ಆಗಬಾರದು ಅಂದಿದ್ದೆ, ಆಗಿಲ್ಲ.” ಕನ್ನಡಕ ಒರೆಸಿಕೊಳ್ಳುತ್ತಾ ಕುಣಿಯ ಅಂಚಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಪರೀಕ್ಷೆಗೆಂದು ಸೀಳಿದ ಒಂದು ಗೇಣು ಜಾಗದಲ್ಲಿ, ಈ ನೆಲದ ಕೆಳಗೆ ಇನ್ನೊಂದು ನೆಲ, ಅದರ ಕೆಳಗೆ ಮತ್ತೊಂದು, ರೊಟ್ಟಿಯ ಪದರಿನ ಹಾಗೆ ತೆಳ್ಳಗೆ ಕಾಣುತ್ತವೆ. ವರ್ಷ ವರ್ಷದ ಸಾರಣೆಗಳು. “ಇಷ್ಟೆಲ್ಲಾ ಕೆಲಸ ಬಿಟ್ಟು ನೀವು ಮ್ಯಾಲ ಹೋದ್ರ ಹೆಂಗ?”

ಹಣಮಂತಮ್ಮ ಏಣಿಯಿಂದ ಕೈ ತೆಗೆದು ಅಲ್ಲೇ ಕೂರುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಂಡು, ಕೇಳುವುದು ಒಂದೇ ಮಾತು: ಮಳೆಗೆ ಮುಂಚೆ ಮುಚ್ಚುವಾಗ ಮೊದಲನೇ ಬುಟ್ಟಿ ಮರಳನ್ನು ತಾವೇ ಸುರಿಯಬಹುದೇ ಎಂದು. “ಹುಡುಗರು ಧಡಲ್ ಅಂತ ಒಗೀತಾರ್ರಿ.” ಸಾಹೇಬರು ಆಗಲಿ ಎನ್ನುತ್ತಾರೆ.

ಬೆಳಕು ಹೋಗುವ ಮುಂಚೆ ಫೋಟೋ ಆಗಬೇಕು. ಮೂರು ಕಾಲಿನ ಮೇಲೆ ಕ್ಯಾಮೆರಾ ನಿಲ್ಲುತ್ತದೆ. ಅಳತೆ ತಿಳಿಯಲೆಂದು ಕಪ್ಪು ಬಿಳುಪು ಪಟ್ಟಿಯ ಕೋಲನ್ನು ಅರ್ಧಚಂದ್ರಗಳ ಪಕ್ಕ ಇಡುತ್ತಾರೆ. ಸಾಹೇಬರು ಒಂದು ಗಳಿಗೆ ಯೋಚಿಸಿ, “ಅಮ್ಮಾ, ಕೋಲಿನ ಆಚೀಗೆ ನಿಮ್ಮ ಕೈ ಇಡ್ರಿ” ಎನ್ನುತ್ತಾರೆ. ಹಣಮಂತಮ್ಮ ಕೈಯನ್ನು ಸೀರೆಗೆ ಉಜ್ಜಿ, ನೆಲಕ್ಕೆ ತಾಗಿಯೂ ತಾಗದ ಹಾಗೆ ಇಳಿಸುತ್ತಾರೆ. ಹಳೇ ಗುರುತಿನ ಕೈ, ಇವರ ಕೈ, ಎರಡರ ಅಗಲವೂ ಹೆಚ್ಚು ಕಡಿಮೆ ಒಂದೇ.

“ಸೆರಗು ಸರಿ ಮಾಡ್ಕೊ ಹಣಮವ್ವಾ, ಹೈದರಾಬಾದ ತನಾ ಹೋಗತದ ಈ ಫೋಟೋ” ಎಂದು ತಿಮ್ಮಣ್ಣ.

ಕರಿ ಬಟ್ಟೆಯ ಒಳಗಿನಿಂದ ಸಾಹೇಬರ ದನಿ ಬರುತ್ತದೆ: “ಮುಖ ಬರೂದಿಲ್ಲ. ಕೈ ಅಷ್ಟೇ.”

“ಅಯ್ಯ, ಮಾರಿ ಒರಸಿಕೊಂಡಿದ್ದು ದಂಡ ಆತಲ್ಲಕ್ಕಾ!” ಎನ್ನುತ್ತಾಳೆ ಮೇಲಿನಿಂದ ದಾವಲಬೀ.

ಹಣಮಂತಮ್ಮ ಅಲುಗುವುದಿಲ್ಲ. ತುಟಿ ಮಾತ್ರ ಆಡಿಸಿ ಉತ್ತರ ಕೊಡುತ್ತಾರೆ.

“ಇರಲಿ ಬಿಡಬೇ. ಆಕಿ ಮಾರಿ ನಾ ನೋಡೀನೇನು? ಕೈ ನೋಡೇ ಗುರ್ತ ಹಿಡದಿಲ್ಲೇನು?”